ದುರ್ಗದ ಗಾಳಿಗೆ ನಿಲ್ಲುವ ಶೀಟ್: ಕಂಟ್ರಾಕ್ಟರನ್ನು ನಾನು ಆರಿಸಿದ್ದು ಹೀಗೆ

ಚಿತ್ರದುರ್ಗದಲ್ಲಿ ತಾರಸಿ ಮೇಲೆ ಶೀಟ್ ಹಾಕಿಸುವವರು ಬಿಸಿಲು, ಮಳೆ ಎರಡನ್ನೇ ಲೆಕ್ಕ ಹಾಕುತ್ತಾರೆ. ನಿಜವಾದ ತಲೆನೋವು ಗಾಳಿ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢ ಬಂತೆಂದರೆ ಒಣಹಾಕಿದ ಪಂಚೆಯನ್ನು ಪಕ್ಕದ ಬೀದಿಯಲ್ಲಿ ಹುಡುಕಬೇಕು. ನಾಲ್ಕೂ ಕಡೆ ತೆರೆದಿರುವ ತಾರಸಿಯಲ್ಲಿ ಗಾಳಿ ಅಡಿಗೆ ನುಗ್ಗಿ ಶೀಟನ್ನು ಮೇಲಕ್ಕೆ ಎತ್ತುತ್ತದೆ. ಹಾಗಾಗಿ ನಾನು ಕಡಿಮೆ ರೇಟಿನವರನ್ನು ಹುಡುಕಲಿಲ್ಲ, ಗಾಳಿಯ ಮಾತು ತಾವಾಗಿಯೇ ಎತ್ತುವವರನ್ನು ಹುಡುಕಿದೆ.

ನಮ್ಮದು ತುರುವನೂರು ರಸ್ತೆ ಕಡೆ ಮೂವತ್ತು-ನಲವತ್ತರ ಸೈಟಿನ ಹಳೇ ಮನೆ. ಬೇಸಿಗೆಯಲ್ಲಿ ಮೋಲ್ಡ್ ಕಾದು ರಾತ್ರಿಯೂ ಮಲಗಲಾಗದು, ಮಳೆಗಾಲದಲ್ಲಿ ಅಡುಗೆಮನೆ ಮೂಲೆಯಲ್ಲಿ ತೇವ. ಬಿರುಕಿಗೆ ಮೊದಲು ಮದ್ದು ಮಾಡಿಸಿದೆವು. ಶೀಟ್ ಹಾಕಿದರೆ ಬಿರುಕು ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಆಮೇಲೆ ಶೀಟಿನ ಯೋಚನೆ. ಹಳ್ಳಿಯಲ್ಲಿ ನಮ್ಮಜ್ಜನದು ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಕರ್ಲು ಮಣ್ಣು ಹರಡಿ ತುಳಿದರೆ ಮುಗಿಯಿತು. ಕಂಟ್ರಾಕ್ಟರೂ ಅವರೇ, ಗ್ಯಾರಂಟಿಯೂ ಅವರೇ.

ಹಾರ್ಡ್‌ವೇರ್ ಅಂಗಡಿಯವರು ಹೇಳಿದ ಹೆಸರುಗಳನ್ನು ಬರೆದುಕೊಂಡೆ, ಆದರೆ ಅಷ್ಟಕ್ಕೇ ನಂಬಲಿಲ್ಲ. ಮಾಲು ತಮ್ಮಲ್ಲೇ ತೆಗೆದುಕೊಳ್ಳುವವರ ಹೆಸರನ್ನು ಅವರು ಮೊದಲು ಹೇಳುವುದು ಸಹಜ. ಸಂಜೆ ವಾಕಿಂಗ್ ಹೋದಾಗ ಕಣ್ಣು ಮೇಲಿಟ್ಟು ನಡೆದೆ. ಬಣ್ಣ ಸ್ವಲ್ಪ ಮಾಸಿದ, ಅಂದರೆ ನಾಲ್ಕಾರು ಆಷಾಢ ಕಂಡ ಶೀಟ್ ಇರುವ ಮನೆಗಳ ಬಾಗಿಲು ತಟ್ಟಿದೆ. ನಮ್ಮೂರಲ್ಲಿ ಇಂಥದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಟೀ ಕೊಟ್ಟು ಮೇಲೆ ಕರೆದುಕೊಂಡು ಹೋಗುತ್ತಾರೆ. ನೋಡಿದ್ದು ಸ್ಕ್ರೂ ಸುತ್ತ ತುಕ್ಕಿನ ಗೆರೆ ಇಳಿದಿದೆಯಾ, ವೆಲ್ಡಿಂಗ್ ಜಾಗಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಿದ್ದಿದೆಯಾ ಅಂತ. ಕೇಳಿದ್ದು ಒಂದೇ: "ಕೆಲಸ ಮುಗಿದ್ಮೇಲೆ ಫೋನ್ ಮಾಡಿದ್ರೆ ಎತ್ತುತ್ತಾರಾ?"

ಹೀಗೆ ಸಿಕ್ಕವರನ್ನು ಮನೆಗೆ ಕರೆಸಿದೆ. ಒಬ್ಬರು ಗೇಟಿನ ಹತ್ತಿರವೇ ನಿಂತು ಮೊಬೈಲಿನಲ್ಲಿ ಲೆಕ್ಕ ಒತ್ತಿ, ಚದರಡಿಗೆ ಇಷ್ಟು ಅಂದರು. ಚದರಡಿ ಯಾವುದರದು, ತಾರಸಿಯದ್ದಾ, ಹೊರಚಾಚು ಮತ್ತು ಇಳಿಜಾರು ಸೇರಿದ ಶೀಟಿನದ್ದಾ? ಈ ಪ್ರಶ್ನೆಗೆ "ಅದೆಲ್ಲ ಆಮೇಲೆ ನೋಡಾಣ ಬಿಡಿ ಸಾರ್" ಎಂಬ ಉತ್ತರ ಬಂತು. ಬಿಲ್ಲಿನ ಹೊತ್ತಿಗೆ ಜಗಳ ಹುಟ್ಟುವುದು ಈ "ಆಮೇಲೆ"ಯಲ್ಲೇ.

ಇನ್ನೊಬ್ಬರು ಟೇಪ್ ಹಿಡಿದು ನೇರ ಮೇಲೆ ಹತ್ತಿದರು. ಮೊದಲು ಕೇಳಿದ್ದು, "ಪಿಲ್ಲರ್ ಎಲ್ಲೆಲ್ಲಿ ಐತೆ?" ಶೀಟ್ ಹೊರುವ ಕಂಬದ ಬೇಸ್ ಪ್ಲೇಟನ್ನು, ಅಂದರೆ ಅಡಿಯ ಕಬ್ಬಿಣದ ತಟ್ಟೆಯನ್ನು, ಬರೀ ಮೋಲ್ಡಿನ ನಡುವೆ ತೂತು ಕೊರೆದು ಕೂರಿಸಿದರೆ ಹೊಸ ಸೋರಿಕೆಗೆ ನಾವೇ ದಾರಿ ಮಾಡಿಕೊಟ್ಟಂತೆ, ಪಿಲ್ಲರ್ ಅಥವಾ ಬೀಮ್ ಮೇಲೆ ಬಂದರೆ ಆಂಕರ್ ಬೋಲ್ಟಿಗೂ ಹಿಡಿತ. ಹಳೇ ಪ್ಲಾನ್ ತೆಗೆದು ತೋರಿಸಿದೆ. ಆಮೇಲೆ ನನ್ನ ಪರೀಕ್ಷೆಯ ಪ್ರಶ್ನೆ: "ಶೀಟ್ ಯಾವ ಕಡೆಯಿಂದ ಹಾಕ್ತಾ ಬರ್ತೀರಿ?"

"ಮೂಡ್ಲಿಂದ. ಇಲ್ಲಿ ಗಾಳಿ ಪಡುವಲಿಂದ ತಾನೇ ಬರೋದು? ಪಡುವಲಿನ ಶೀಟು ಮೇಲೆ ಕೂತ್ರೆ ಜೋಡಣೆ ಬಾಯಿ ಗಾಳಿಗೆ ಬೆನ್ನು ಹಾಕಿರ್ತತೆ. ಉಲ್ಟಾ ಹಾಕಿದ್ರೆ ಮಳೆ ನೀರನ್ನ ಗಾಳಿನೇ ಒಳಗೆ ತಳ್ತತೆ ಸಾರ್." ಹೇಳುತ್ತ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಮೊದಲಿನವರಿಗೂ ಇದೇ ಪ್ರಶ್ನೆ ಕೇಳಿದ್ದೆ, "ಎತ್ಲಾಗಿಂದಾದ್ರೂ ಆಗ್ತತೆ" ಅಂದಿದ್ದರು.

ಎರಡನೆಯವರ ರೇಟು ಜಾಸ್ತಿಯೇ ಇತ್ತು. ಮನೆಯಾಕೆ ಮುಖ ನೋಡಿದಳು. ಕೊಟೇಶನ್ ಬರೆಸುವಾಗ ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿಯಿತು. ಅಗ್ಗದ ಕೊಟೇಶನ್ನಿನಲ್ಲಿ "ಹೆವಿ ಪೈಪ್, ಒಳ್ಳೇ ಶೀಟ್" ಅಂತಷ್ಟೇ ಇತ್ತು. ಹೆವಿ ಅನ್ನುವುದು ಅಳತೆಯಲ್ಲ. ಎರಡು-ಒಂದು ಇಂಚಿನ ಆಯತಾಕಾರದ ಪೈಪ್ 2 ಮಿ.ಮೀ. ದಪ್ಪದ್ದಾದರೆ 20 ಅಡಿಯ ಒಂದು ಉದ್ದ ಸುಮಾರು 13 ಕೆ.ಜಿ. ತೂಗುತ್ತದೆ, 1.2 ಮಿ.ಮೀ.ದಾದರೆ 8 ಕೆ.ಜಿ. ಆಸುಪಾಸು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಎರಡನೆಯವರಿಗೇ ಕೆಲಸ ಒಪ್ಪಿಸಿ, ದಪ್ಪವನ್ನು ಅಂಕಿಯಲ್ಲಿ ಬರೆಸಿ, ಮಾಲು ಬಂದಾಗ ತಕ್ಕಡಿಗೆ ಹಾಕಿಸಿದೆ. ಶೀಟಿನಲ್ಲೂ ಇದೇ ಕಥೆ: 0.5 ಮಿ.ಮೀ. ಅಂದರೆ ಬಣ್ಣ, ಲೇಪನ ಸೇರಿಯೋ, ಒಳಗಿನ ಉಕ್ಕು ಮಾತ್ರವೋ ಅಂತ ಕೇಳಿಕೊಳ್ಳಬೇಕು. ಹೆಸರಿರುವ ಕಂಪನಿಗಳು ಶೀಟಿನ ಅಡಿಭಾಗದಲ್ಲಿ ವಿವರ ಅಚ್ಚು ಹಾಕಿರುತ್ತವೆ, ಏರಿಸುವ ಮುಂಚೆ ಮಗುಚಿ ಓದಿದರಾಯಿತು.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಸರ್ಕಾರದ ಜಿಎಸ್‌ಟಿ ತಾಣದಲ್ಲಿ ಹಾಕಿ ನೋಡಬಹುದು. 15 ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಆದರೆ ನಂಬರ್ ಇಲ್ಲದ ಸಣ್ಣ ಫ್ಯಾಬ್ರಿಕೇಟರುಗಳೆಲ್ಲ ಮೋಸಗಾರರೂ ಅಲ್ಲ, ನೋಂದಣಿಯ ಮಿತಿಗಿಂತ ಕಡಿಮೆ ವ್ಯವಹಾರ ಇರುವವರು ಬಹಳ ಜನ.

ದುಡ್ಡನ್ನು ಕಂತಿನಲ್ಲಿ ಕೊಟ್ಟೆ: ಮಾಲು ಇಳಿದಾಗ ಒಂದು ಪಾಲು, ಟ್ರಸ್ (ಶೀಟ್ ಹೊರುವ ಕಬ್ಬಿಣದ ಚೌಕಟ್ಟು) ನಿಂತಾಗ ಒಂದು, ಶೀಟ್ ಮುಗಿದಾಗ ಒಂದು, ಕೊನೆಯ ಹತ್ತು ಪರ್ಸೆಂಟ್ ಆಷಾಢ ಕಳೆದ ಮೇಲೆ. ಇದನ್ನು ಶುರುವಿನಲ್ಲೇ ಹೇಳಿ ಕಾಗದದಲ್ಲಿ ಬರೆಸಿದೆ. ಒಪ್ಪದೆ ಎದ್ದು ಹೋದವರೂ ಇದ್ದಾರೆ. ಒಳ್ಳೆಯದೇ ಆಯಿತು.

ಕೆಲಸ ನಡೆವಾಗ ನಾನು ಮುಖ್ಯವಾಗಿ ಕಣ್ಣಿಟ್ಟದ್ದು ಸ್ಕ್ರೂ ಮೇಲೆ. ಶೀಟಿನ ಉಬ್ಬಿನ ಮೇಲೆ ಹೊಡೆಯಬೇಕು, ಗುಳಿಯಲ್ಲಿ ನೀರು ಹರಿಯುತ್ತದೆ. ರಬ್ಬರ್ ವಾಷರ್ ಮೆತ್ತಗೆ ಒತ್ತಿ ಕೂತಿರಬೇಕು. ಡ್ರಿಲ್ ಬಿಗಿ ಜಾಸ್ತಿಯಾದರೆ ವಾಷರ್ ಹೊರಕ್ಕೆ ಉಬ್ಬಿ ಬಿಸಿಲಿಗೆ ಸೀಳುತ್ತದೆ. ಹೊಸ ಹುಡುಗ ಒಂದು ಸಾಲು ಹಾಗೆ ಬಿಗಿದಾಗ ಕಂಟ್ರಾಕ್ಟರೇ ಹತ್ತಿ ಬಿಚ್ಚಿಸಿ ವಾಷರ್ ಬದಲಿಸಿದರು. ಗ್ರೈಂಡರಿನಿಂದ ಉದುರಿದ ಕಬ್ಬಿಣದ ಪುಡಿಯನ್ನು ಸಂಜೆ ಸಂಜೆಗೆ ಗುಡಿಸಿಸಿದೆವು. ಶೀಟಿನ ಮೇಲೆ ಬಿಟ್ಟರೆ ಅದು ಕಿಲುಬು ಹಿಡಿದು ಬಣ್ಣವನ್ನೂ ತಿನ್ನುತ್ತದೆ.

ಆಷಾಢದ ಗಾಳಿಯಲ್ಲಿ ಶೀಟ್ ಅಲ್ಲಾಡಲಿಲ್ಲ. ಗಟರ್ ಮಾತ್ರ ಕೈಕೊಟ್ಟಿತು. ಇಳಿಜಾರಿಲ್ಲದೆ ಮಟ್ಟಸವಾಗಿ ಕೂರಿಸಿದ್ದರಿಂದ ಒಂದು ತುದಿಯಲ್ಲಿ ನೀರು ನಿಂತು ಸೊಳ್ಳೆ ಶುರುವಾಯಿತು. ಫೋನ್ ಮಾಡಿದೆ, ಎತ್ತಿದರು. ಬಂದು ಕ್ಲಾಂಪುಗಳನ್ನು ಬಿಚ್ಚಿ, ದಾರ ಎಳೆದು ವಾಟ ಕೊಟ್ಟು ಮತ್ತೆ ಕೂರಿಸಿದರು. ಒಂದು ಬಕೆಟ್ ನೀರು ಸುರಿದು, ಪೈಪಿಗೆ ಪೂರ್ತಿ ಇಳಿದದ್ದನ್ನು ನೋಡಿ, ಉಳಿದ ಹತ್ತು ಪರ್ಸೆಂಟನ್ನು ಅಲ್ಲೇ ಫೋನ್‌ಪೇ ಮಾಡಿದೆ.