ನಾಲ್ಕು ಪವರ್ ಮಾಡ್ಯೂಲ್ ಸೇರಿಸಿ 120 ಆಂಪ್ ತೆಗೆಯುವುದು ಹೇಗೆ

ಎಫ್‌ಪಿಜಿಎ ಎಂಬ ದೊಡ್ಡ ಚಿಪ್‌ನ ಕೋರ್‌ಗೆ 0.85 ವೋಲ್ಟ್ ಬೇಕು, ಕರೆಂಟ್ 120 ಆಂಪ್. ಕೈಯಲ್ಲಿರುವ ಡಿಸಿ-ಡಿಸಿ ಮಾಡ್ಯೂಲ್ (12 ವೋಲ್ಟನ್ನು ಇಳಿಸಿ ಕೊಡುವ ಪವರ್ ಮಾಡ್ಯೂಲ್) 40 ಆಂಪ್‌ದು. ಮೂರು ಹಾಕಿದರೆ ಸಾಕಲ್ವಾ ಅನಿಸುತ್ತದೆ. ಸಾಲುವುದಿಲ್ಲ. ಮೂರೂ ಅಂಚಿನಲ್ಲೇ ಓಡುತ್ತಿರುತ್ತವೆ, ಹಂಚಿಕೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಒಂದು ಮಿತಿ ದಾಟುತ್ತದೆ. ನಾಲ್ಕು ಹಾಕಿ, ತಲಾ 30 ಆಂಪ್ ಬರಲಿ.

ಹಾಗಂತ ನಾಲ್ಕರ ಔಟ್‌ಪುಟ್ ತಂದು ಸುಮ್ನೆ ಒಂದೇ ತಾಮ್ರಕ್ಕೆ ಕಟ್ಟಿಬಿಟ್ಟರೆ? ಲೆಕ್ಕ ಹಾಕಿ ನೋಡಿ. ಎರಡು ಮಾಡ್ಯೂಲ್‌ಗಳ ವೋಲ್ಟೇಜ್‌ನಲ್ಲಿ ಶೇ 1ರಷ್ಟು ವ್ಯತ್ಯಾಸ ಅಂದರೆ 8.5 ಮಿಲಿವೋಲ್ಟ್. ಅವೆರಡರ ನಡುವೆ ತಾಮ್ರದ ರೆಸಿಸ್ಟೆನ್ಸ್ 0.2 ಮಿಲಿಓಮ್ ಇದ್ದರೆ, ಒಂದರಿಂದ ಇನ್ನೊಂದಕ್ಕೆ 42 ಆಂಪ್ ನುಗ್ಗಲು ನೋಡುತ್ತದೆ. ಲೋಡ್ ಇನ್ನೂ ಆನ್ ಕೂಡ ಆಗಿಲ್ಲ! ಪ್ರತಿಯೊಂದೂ ನಾನು ಹೇಳಿದ್ದೇ ವೋಲ್ಟೇಜ್ ಅಂತ ಹಠ ಹಿಡಿದರೆ ಆಗುವುದೇ ಹೀಗೆ.

ಲೋಡ್ ಏರಿದಂತೆ ವೋಲ್ಟೇಜ್ ತಾನಾಗಿ ಇಳಿಯುವ ಡ್ರೂಪ್ ವಿಧಾನ ಒಂದಿದೆ. ಅಗ್ಗ, ಸುಲಭ. ಆದರೆ ಪ್ರತಿ ಮಾಡ್ಯೂಲ್‌ಗೆ 1 ಮಿಲಿಓಮ್ ಡ್ರೂಪ್ ಇಟ್ಟರೂ 30 ಆಂಪ್‌ನಲ್ಲಿ 30 ಮಿಲಿವೋಲ್ಟ್ ಹೋಯ್ತು. ಕೋರ್ ಸಹಿಸುವುದು ಶೇ 3 ಮೇಲೆ ಕೆಳಗೆ, ಅಂದರೆ 25 ಮಿಲಿವೋಲ್ಟ್. ಹಾಗಾಗಿ ಇಲ್ಲಿ ಅದು ಬೇಡ.

ಕರೆಂಟ್ ಮೋಡ್ ಕಂಟ್ರೋಲ್ ಇರುವ ಮಾಡ್ಯೂಲ್ ತೆಗೆದುಕೊಳ್ಳಿ. ಇದರಲ್ಲಿ ಕಾಂಪ್ ಪಿನ್‌ನ ವೋಲ್ಟೇಜ್ ಅಂದರೆ 'ಇಷ್ಟು ಕರೆಂಟ್ ಕೊಡು' ಎಂಬ ಆರ್ಡರ್. ನಾಲ್ಕರ ಕಾಂಪ್ ಪಿನ್‌ಗಳನ್ನೂ ಒಟ್ಟಿಗೆ ಕಟ್ಟಿದರೆ ನಾಲ್ಕಕ್ಕೂ ಒಂದೇ ಆರ್ಡರ್ ಹೋಗುತ್ತದೆ, ಕರೆಂಟ್ ತಾನಾಗಿ ಸಮ ಆಗುತ್ತದೆ. ಕೆಲವು ಚಿಪ್‌ಗಳಲ್ಲಿ ಒಂದು ಯಜಮಾನ, ಉಳಿದವು ಹಿಂಬಾಲಕರು: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್546ಡಿ24ಎ ಆ ಜಾತಿ, ಒಂದೊಂದು 40 ಆಂಪ್, ನಾಲ್ಕರವರೆಗೆ ಜೋಡಿಸಬಹುದು. ಇನ್ನು ಕೆಲವಲ್ಲಿ ಪ್ರತಿಯೊಂದಕ್ಕೂ ಬೇಕಾದ ವೋಲ್ಟೇಜ್‌ಗೂ ಇರುವ ವೋಲ್ಟೇಜ್‌ಗೂ ವ್ಯತ್ಯಾಸ ನೋಡುವ ಸ್ವಂತ ಎರರ್ ಆಂಪ್ಲಿಫೈಯರ್ ಇರುತ್ತದೆ, ಎಲ್ಲವೂ ಸೇರಿ ಆ ಒಂದೇ ಕಾಂಪ್ ಗೆರೆಯನ್ನು ಎಳೆಯುತ್ತವೆ. ನಿಮ್ಮದು ಯಾವ ಜಾತಿ ಅಂತ ಡೇಟಾಶೀಟ್‌ನಲ್ಲಿ ಮೊದಲೇ ನೋಡಿಕೊಳ್ಳಿ, ಯಾಕೆಂದರೆ ಮುಂದಿನ ಎಡವಟ್ಟುಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ.

ಇನ್ನು ತಾಮ್ರ. ಬೋರ್ಡ್ ಮೇಲಿನ ಒಂದು ಔನ್ಸ್ ತಾಮ್ರ 35 ಮೈಕ್ರಾನ್ ದಪ್ಪ, ಅದರ ಯಾವುದೇ ಚೌಕಕ್ಕೆ, ಚಿಕ್ಕದಿರಲಿ ದೊಡ್ಡದಿರಲಿ, ಸುಮಾರು 0.5 ಮಿಲಿಓಮ್. ಒಂದೇ ಲೇಯರ್‌ನ ಒಂದು ಚೌಕದಲ್ಲಿ 30 ಆಂಪ್ ಹರಿದರೆ 15 ಮಿಲಿವೋಲ್ಟ್ ಬಿದ್ದುಹೋಗುತ್ತದೆ, ಅರ್ಧ ವ್ಯಾಟ್ ಬಿಸಿ ಆಗುತ್ತದೆ. ಅದಕ್ಕೇ ಎರಡು ಔನ್ಸ್ ತಾಮ್ರ, ಹಲವು ಲೇಯರ್, ಲೇಯರ್‌ಗಳನ್ನು ಜೋಡಿಸುವ ಧಾರಾಳ ವಯಾ. ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕು ಮಾಡ್ಯೂಲ್‌ಗಳನ್ನು ಲೋಡ್‌ನ ಸುತ್ತ ಸರಿಸುಮಾರು ಒಂದೇ ದೂರದಲ್ಲಿ ಕೂರಿಸಿ. ವೋಲ್ಟೇಜ್ ಅಳೆಯುವ ಸೆನ್ಸ್ ಗೆರೆಗಳ ಜೋಡಿ ಎಫ್‌ಪಿಜಿಎ ಕೆಳಗಿನಿಂದಲೇ ಬರಲಿ, ಎರಡೂ ಗೆರೆ ಅಕ್ಕಪಕ್ಕ ಓಡಲಿ, ಇಂಡಕ್ಟರ್ ಹತ್ತಿರ ಸುಳಿಯುವುದು ಬೇಡ. ಕಾಂಪ್ ಗೆರೆಗೂ ಇದೇ ಮಾತು.

ಸ್ವಿಚಿಂಗ್ ಕ್ಲಾಕ್ ಒಂದೇ ಇರಬೇಕು, ಫೇಸ್ ಮಾತ್ರ ಬೇರೆ ಬೇರೆ: ನಾಲ್ಕಿದ್ದರೆ 0, 90, 180, 270 ಡಿಗ್ರಿ. 500 ಕಿಲೋಹರ್ಟ್ಜ್‌ನಲ್ಲಿ ಓಡಿಸಿದರೆ ಔಟ್‌ಪುಟ್ ರಿಪಲ್, ಅಂದರೆ ವೋಲ್ಟೇಜ್‌ನ ಸಣ್ಣ ಏರಿಳಿತ, 2 ಮೆಗಾಹರ್ಟ್ಜ್‌ಗೆ ಹೋಗಿ ತೆಳುವಾಗುತ್ತದೆ. 12 ವೋಲ್ಟ್ ಇನ್‌ಪುಟ್ ಕಡೆಯ ಕೆಪಾಸಿಟರ್‌ಗಳ ಮೇಲಿನ ಹೊರೆಯೂ ಇಳಿಯುತ್ತದೆ.

ಆನ್-ಆಫ್ ಮಾಡುವ ರನ್ ಪಿನ್‌ಗಳನ್ನು ಒಟ್ಟಿಗೆ ಕಟ್ಟಿ, ತೊಂದರೆ ತಿಳಿಸುವ ಫಾಲ್ಟ್ ಪಿನ್‌ಗಳನ್ನೂ. 120 ಆಂಪ್ ಓಡುತ್ತಿರುವಾಗ ಒಂದು ಮಾಡ್ಯೂಲ್ ಮಾತ್ರ ಕೈಕೊಟ್ಟರೆ ಉಳಿದ ಮೂರರ ಮೇಲೆ ತಲಾ 40 ಬೀಳುತ್ತದೆ, ಆಮೇಲೆ ಒಂದರ ಹಿಂದೆ ಒಂದು ಸಾಲಾಗಿ ಬೀಳುತ್ತವೆ. ಬಿದ್ದರೆ ಎಲ್ಲವೂ ಒಟ್ಟಿಗೆ ಬೀಳಲಿ. ಒಂದು ಸತ್ತರೂ ಸಪ್ಲೈ ನಡೆಯಲೇಬೇಕು ಅಂದರೆ ಅದು ಬೇರೆ ಡಿಸೈನ್, ಅದಕ್ಕೆ ಪ್ರತಿ ಔಟ್‌ಪುಟ್‌ಗೂ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಐಡಿಯಲ್ ಡಯೋಡ್ ಬೇಕು.

ಈಗ ಪಿಎಂಬಸ್, ಅಂದರೆ ಮಾಡ್ಯೂಲ್‌ಗಳಿಗೆ ಕಮಾಂಡ್ ಕಳಿಸುವ, ಅವುಗಳಿಂದ ಓದುವ ಎರಡು ಗೆರೆಯ ಬಸ್. ಸ್ವಂತ ಎರರ್ ಆಂಪ್ಲಿಫೈಯರ್ ಇರುವ ಜಾತಿಯಾದರೆ ಪ್ರತಿ ಮಾಡ್ಯೂಲ್‌ಗೆ ಬೇರೆ ಅಡ್ರೆಸ್ ಇದೆಯೇ ನೋಡಿ, ಬಸ್‌ಗೆ ಪುಲ್‌ಅಪ್ ರೆಸಿಸ್ಟರ್ ಒಂದೇ ಜೊತೆ ಸಾಕು. ವೋಲ್ಟೇಜ್ ಬರೆಯುವ ಮೊದಲು, ಆ ಸಂಖ್ಯೆಯ ಅಳತೆ ಯಾವುದು ಅಂತ ಹೇಳುವ ವಿಔಟ್ ಮೋಡ್ ಓದಿ. ಅದರಲ್ಲಿ ಎರಡರ ಘಾತ −12 ಇದ್ದರೆ 1 ವೋಲ್ಟ್ ಅಂದರೆ 4096, ಹಾಗಾಗಿ 0.85 ವೋಲ್ಟ್‌ಗೆ 3482 ಬರೆಯಬೇಕು. ಬಸ್ ಮೇಲೆ ಕೆಳಗಿನ ಬೈಟ್ ಮೊದಲು ಹೋಗುತ್ತದೆ, ಇದನ್ನು ಮರೆತವರು ಬಹಳ ಜನ.

ಇಲ್ಲೇ ನಾನೊಮ್ಮೆ ಅರ್ಧ ದಿನ ಕಳೆದುಕೊಂಡೆ. ಸಂಜೆ ಎಲ್ಲಾ ಸರಿ ಇತ್ತು, 0.85 ನೆಟ್ಟಗೆ ನಿಂತಿತ್ತು. ಬೆಳಗ್ಗೆ ಬಂದು ಆನ್ ಮಾಡಿದರೆ ಓವರ್‌ವೋಲ್ಟೇಜ್ ಫಾಲ್ಟ್, ನಾಲ್ಕೂ ಆಫ್. ಬೆಸುಗೆ ನೋಡಿದೆ, ಕಾಂಪ್ ಗೆರೆ ನೋಡಿದೆ, ಒಂದು ಕೆಪಾಸಿಟರ್ ಕಿತ್ತು ಬೇರೆ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನಾಲ್ಕನ್ನೂ ಒಂದೊಂದಾಗಿ ಓದಿದರೆ: 3482, 3482, 4096, 3482. ಮೂರನೆಯದಕ್ಕೆ, ಬರೆದದ್ದನ್ನು ಶಾಶ್ವತವಾಗಿ ಉಳಿಸುವ ಸ್ಟೋರ್ ಯೂಸರ್ ಆಲ್ ಕಮಾಂಡ್ ಕಳಿಸುವುದನ್ನೇ ಮರೆತಿದ್ದೆ. ಪವರ್ ಹೋಗಿ ಬಂದ ಮೇಲೆ ಅದು ತನ್ನ ಹಳೆಯ 1 ವೋಲ್ಟ್‌ಗೆ ಹೋಗಿ, ಕಾಂಪ್ ಗೆರೆಯನ್ನು ತನ್ನ ಕಡೆ ಎಳೆಯುತ್ತಿತ್ತು. ಆವತ್ತಿನಿಂದ ಬರೆದದ್ದನ್ನು ಪವರ್ ತೆಗೆದು, ಹಾಕಿ, ವಾಪಸ್ ಓದುವ ಸ್ಕ್ರಿಪ್ಟ್ ಇಲ್ಲದೆ ನಾನು ಬೋರ್ಡ್ ಮುಟ್ಟುವುದಿಲ್ಲ.

ಓಡುತ್ತಿರುವಾಗಲೇ ವೋಲ್ಟೇಜ್ ಬದಲಿಸಬೇಕಾದರೂ ಇದೇ ಅಪಾಯ: ಒಂದಕ್ಕೆ ಬರೆದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎರಡರ ನಡುವೆ ಜಗಳ. ಗ್ರೂಪ್ ಕಮಾಂಡ್ ಬಳಸಿ. ಎಲ್ಲ ಅಡ್ರೆಸ್‌ಗೂ ಬರೆದು ಕೊನೆಯಲ್ಲಿ ಬಸ್ ಮೇಲೆ ಒಂದೇ ಸ್ಟಾಪ್ ಸಂಕೇತ ಕೊಟ್ಟಾಗ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ.

ಟೆಸ್ಟ್ ಮಾಡುವಾಗ, ಎಫ್‌ಪಿಜಿಎ ಬದಲು ಕರೆಂಟ್ ಎಳೆಯುವ ಉಪಕರಣವಾದ ಎಲೆಕ್ಟ್ರಾನಿಕ್ ಲೋಡ್‌ನ ಕನಿಷ್ಠ ವೋಲ್ಟೇಜ್ ನೋಡಿಕೊಳ್ಳಿ, 0.85ರಲ್ಲಿ 120 ಆಂಪ್ ಎಳೆಯಲಾಗದ ಲೋಡ್‌ಗಳೇ ಜಾಸ್ತಿ. ಸಾಲದಕ್ಕೆ ಕೇಬಲ್‌ನಲ್ಲೇ ಅರ್ಧ ವೋಲ್ಟ್ ಹೋಗಿರುತ್ತದೆ. ದಪ್ಪ, ಗಿಡ್ಡ ಕೇಬಲ್ ಬೇಕು. ರಿಪಲ್ ಅಳೆಯುವಾಗ ಪ್ರೋಬ್‌ನ ಉದ್ದದ ಗ್ರೌಂಡ್ ವೈರ್ ತೆಗೆದು ಸ್ಪ್ರಿಂಗ್ ಹಾಕಿ, ಇಲ್ಲದಿದ್ದರೆ ಕಾಣುವುದು ರಿಪಲ್ ಅಲ್ಲ, ಆ ವೈರ್ ಹಿಡಿದ ಗದ್ದಲ.

30, 60, 90, 120 ಆಂಪ್‌ನಲ್ಲಿ ನಿಲ್ಲಿಸಿ ನಾಲ್ಕರ ರೀಡ್ ಐಔಟ್ (ಪಿಎಂಬಸ್‌ನಲ್ಲಿ ಓದುವ ಔಟ್‌ಪುಟ್ ಕರೆಂಟ್) ಮತ್ತು ಟೆಂಪರೇಚರ್ ಬರೆದುಕೊಳ್ಳಿ. ಪೂರ್ತಿ ಲೋಡ್‌ನಲ್ಲಿ ಒಂದೆರಡು ಆಂಪ್ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಓದುವುದರಲ್ಲೇ ಅಷ್ಟು ತಪ್ಪಿರಬಹುದು. ಇಂಡಕ್ಟರ್‌ನ ತಾಮ್ರದಲ್ಲೇ ಕರೆಂಟ್ ಅಳೆಯುವ ಮಾಡ್ಯೂಲ್ ಆದರೆ ಇನ್ನೊಂದು ವಿಷಯ ಇದೆ: ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇ 0.39 ಏರುತ್ತದೆ, 50 ಡಿಗ್ರಿ ಬಿಸಿಯಾದರೆ ಸುಮಾರು ಶೇ 20. ಟೆಂಪರೇಚರ್ ಸೆನ್ಸರ್ ತಪ್ಪು ಹೇಳಿದರೆ ಕರೆಂಟ್ ಲೆಕ್ಕವೂ ತಪ್ಪುತ್ತದೆ. ಒಂದು ಮಾಡ್ಯೂಲ್ ಮಾತ್ರ ಯಾವಾಗಲೂ ಬಿಸಿ ಅಂದರೆ ಮೊದಲು ಗಾಳಿ ಎಲ್ಲಿಂದ ಬರುತ್ತಿದೆ ನೋಡಿ, ಸಾಲಿನ ಕೊನೆಯದಕ್ಕೆ ಉಳಿದ ಮೂರರ ಬಿಸಿಗಾಳಿ ಬಡಿಯುತ್ತಿರುತ್ತದೆ.

ಕೊನೆಗೆ ಅರ್ಧ ಲೋಡ್‌ನಲ್ಲಿ ಫಾಲ್ಟ್ ಗೆರೆಯನ್ನು ಬೇಕಂತಲೇ ಗ್ರೌಂಡ್‌ಗೆ ಮುಟ್ಟಿಸಿ, ನಾಲ್ಕೂ ಒಟ್ಟಿಗೆ ಬೀಳುತ್ತವೆಯೇ ಅಂತ ಸ್ಕೋಪ್‌ನಲ್ಲಿ ನೋಡಿ. ಇದೆಲ್ಲಾ ಎಫ್‌ಪಿಜಿಎ ಕೂರಿಸದ ಖಾಲಿ ಬೋರ್ಡ್ ಮೇಲೆ ಮಾಡಿ.