ರಾಜಕೀಯ ಕಾದಂಬರಿಯಲ್ಲಿ ಸರ್ವಾಧಿಕಾರ: ಬಂದೂಕಿಗಿಂತ ಮೊದಲು ಕಡತ ಬರೆಯಿರಿ

ಸರ್ವಾಧಿಕಾರಿಯಿಂದ ಕಥೆ ಶುರುಮಾಡಬೇಡಿ. ಮೊದಲು ಒಂದು ಕಚೇರಿ ಆರಿಸಿಕೊಳ್ಳಿ: ಪತ್ರಿಕೆಯ ಸುದ್ದಿಮನೆ, ನ್ಯಾಯಾಲಯ, ವಿಶ್ವವಿದ್ಯಾಲಯದ ಒಂದು ವಿಭಾಗ, ಯಾವುದಾದರೂ ಸರಿ. ಅಲ್ಲಿ ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆ, ಯಾರ ರುಜು ಬೇಕು, ಯಾರು ತಡೆಹಿಡಿಯಬಹುದು ಎಂಬುದು ಖಚಿತವಾದ ಮೇಲೆ ಪಾತ್ರಗಳಿಗೆ ಹೆಸರಿಡಿ.

ಆಮೇಲೆ ನಿಮ್ಮ ಕಥೆಯ ಸರ್ಕಾರ ಹೊರಡಿಸುವ ಆದೇಶಗಳ ಪಟ್ಟಿ ಮಾಡಿ, ತಾರೀಖಿನ ಸಮೇತ. ವೇಗದ ಅಂದಾಜಿಗೆ 1933ರ ಜರ್ಮನಿ ನೋಡಿ. ಜನವರಿ 30ರಂದು ಹಿಟ್ಲರ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆದದ್ದು ಅಧ್ಯಕ್ಷರ ನೇಮಕದಿಂದ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಅಮಾನತಾದವು. ಮಾರ್ಚ್ 23ರಂದು ಸಂಸತ್ತು ಕಾನೂನು ಮಾಡುವ ತನ್ನ ಅಧಿಕಾರವನ್ನು ಒಂದು ಕಾಯ್ದೆಯ ಮೂಲಕ ಹಿಟ್ಲರ್ ಸರ್ಕಾರಕ್ಕೆ 444-94 ಮತಗಳಿಂದ ಬಿಟ್ಟುಕೊಟ್ಟಿತು. ಇಷ್ಟೂ ನಡೆದದ್ದು ಎಂಟು ವಾರದೊಳಗೆ. ಕಮ್ಯುನಿಸ್ಟ್ ಸದಸ್ಯರನ್ನು ಮೊದಲೇ ಹೊರಗಿಡಲಾಗಿತ್ತು. ವಿರೋಧವಾಗಿ ಮತ ಹಾಕಿದ್ದು ಸೋಷಿಯಲ್ ಡೆಮಾಕ್ರಾಟರು ಮಾತ್ರ.

ಕಾದಂಬರಿಕಾರರಿಗೆ ನಿಜವಾದ ನಿಧಿ ಆ 444ರಲ್ಲಿದೆ. ಅದರಲ್ಲಿ ಒಂದು ಪುಟ್ಟ ಉದಾರವಾದಿ ಪಕ್ಷದ, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವೇ ಮುಖ್ಯ ಎನ್ನುವ ಪಕ್ಷದ, ಐದು ಮತಗಳೂ ಇದ್ದವು. ಪಕ್ಷದೊಳಗೆ ಒಪ್ಪದವರಿದ್ದರು, ಆದರೂ ಸಭೆಯಲ್ಲಿ ಐವರೂ ಹೌದೆಂದರು. ಅವರಲ್ಲೊಬ್ಬರಾದ ಥಿಯೋಡರ್ ಹೊಯ್ಸ್ 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರಾದರು. ಇಂಥ ಐವರನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಇಡೀ ಅಧ್ಯಾಯ ಅದಕ್ಕೇ ಕೊಡಿ. ಒಬ್ಬನಿಗೆ ಪಕ್ಷ ಒಡೆಯಬಾರದು. ಇನ್ನೊಬ್ಬನಿಗೆ ಸರ್ಕಾರಿ ನೌಕರಿಯಲ್ಲಿರುವ ಬೆಂಬಲಿಗರ ಚಿಂತೆ. ಮತ್ತೊಬ್ಬ ಕಾಯ್ದೆಯಲ್ಲೇ ಇರುವ ನಾಲ್ಕು ವರ್ಷದ ಗಡುವನ್ನು ಬೆರಳಿಟ್ಟು ತೋರಿಸುತ್ತಾನೆ. ಪ್ರತಿ ವಾದವೂ ಓದುಗ ತಲೆಯಾಡಿಸುವಷ್ಟು ಬಲವಾಗಿರಲಿ. ಹೌದೆಂದವರೆಲ್ಲ ಹೇಡಿಗಳಾಗಿ ಕಂಡರೆ ಅಧ್ಯಾಯ ಸೋತಂತೆ, ಏಕೆಂದರೆ ಓದುಗ ‘ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ’ ಎಂದು ಆರಾಮಾಗಿ ಪುಟ ತಿರುವುತ್ತಾನೆ.

ನಿಮ್ಮ ಕಥೆಯ ಉದಾರವಾದಿ ಯಾವ ಬಗೆಯ ಉದಾರವಾದಿ ಎಂಬುದನ್ನೂ ತೀರ್ಮಾನಿಸಿ. 1973ರ ಸೇನಾ ದಂಗೆಯ ನಂತರದ ಚಿಲಿಯಲ್ಲಿ ಮಾರುಕಟ್ಟೆ ತೆರೆದುಕೊಂಡಿತು, ರಾಜಕೀಯ ಪಕ್ಷಗಳ ಬಾಗಿಲು ಮುಚ್ಚಿತು. ವ್ಯಾಪಾರದ ಸ್ವಾತಂತ್ರ್ಯವೇ ಮುಖ್ಯ ಎನ್ನುವವನೂ ಮಾತಿನ ಸ್ವಾತಂತ್ರ್ಯವೇ ಮುಖ್ಯ ಎನ್ನುವವನೂ ಅಲ್ಲಿ ಒಂದೇ ಮನೆಯಲ್ಲಿ ಊಟಕ್ಕೆ ಕೂತರೆ ಕಥೆಗೆ ಬೇರೆ ಸಂಘರ್ಷ ಬೇಕಿಲ್ಲ.

ಸಂಭಾಷಣೆ ತಿದ್ದುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ: ಯಾವ ಪಾತ್ರವಾದರೂ ಸ್ವಾತಂತ್ರ್ಯದ ಬಗ್ಗೆ ಮೂರು ವಾಕ್ಯಕ್ಕಿಂತ ಹೆಚ್ಚು ಮಾತಾಡಿದರೆ ಮಾತಾಡುತ್ತಿರುವುದು ಲೇಖಕ. ಅದನ್ನು ಹೊಡೆದುಹಾಕಿ, ಬದಲಿಗೆ ಒಂದು ಸುತ್ತೋಲೆ ಬರೆಯಿರಿ. ‘ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ’ ಎಂಬ ವಾಕ್ಯದಲ್ಲಿ ಮಾಡಿದವನೇ ಇಲ್ಲ. ಹೊಡೆತದ ದೃಶ್ಯಕ್ಕಿಂತ ಇದು ಹೆಚ್ಚು ಹೆದರಿಸುತ್ತದೆ.

ಸರ್ವಾಧಿಕಾರಿಗೆ ಎರಡು ದೃಶ್ಯ ಸಾಕು. ಹೆಚ್ಚು ತೋರಿಸಿದಷ್ಟೂ ವ್ಯವಸ್ಥೆಯ ತಪ್ಪೆಲ್ಲ ಒಬ್ಬನ ಸ್ವಭಾವಕ್ಕೆ ಅಂಟಿಕೊಳ್ಳುತ್ತದೆ.

ಪತನದ ದಿನಕ್ಕೆ ಕಥೆ ನಿಲ್ಲಿಸುವುದು ಸಾಮಾನ್ಯ ದೋಷ. ಚಿಲಿಯ ಸರ್ವಾಧಿಕಾರಿ ಪಿನೋಚೆ 1988ರ ಜನಮತಗಣನೆಯಲ್ಲಿ ಸೋತು 1990ರಲ್ಲಿ ಅಧ್ಯಕ್ಷ ಪದವಿ ಬಿಟ್ಟರೂ, 1998ರವರೆಗೆ ಸೇನಾ ಮುಖ್ಯಸ್ಥನಾಗಿಯೇ ಇದ್ದ. ಆದ್ದರಿಂದ ಪತನದ ನಂತರಕ್ಕೆ ಕನಿಷ್ಠ ಎರಡು ಅಧ್ಯಾಯ ಮೀಸಲಿಡಿ. ಹಳೆಯ ಆದೇಶಗಳಲ್ಲಿ ಯಾವುವು ರದ್ದಾದವು, ಯಾವುವು ಇನ್ನೂ ಜಾರಿಯಲ್ಲಿವೆ ಎಂಬುದನ್ನು ನಿಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಬರೆಯಿರಿ.