ಪ್ಲಾಸ್ಟಿಕ್‌ಗೆ ಪೇಂಟ್ ನಿಲ್ಲಲ್ಲ ಅಂದಿದ್ರು. ಎರಡು ಬೇಸಿಗೆ ಆಯ್ತು

ಎರಡು ಬೇಸಿಗೆ ಕಳೆಯಲಿ, ಆಮೇಲೆ ಬರೆದರಾಯ್ತು ಅಂತ ಸುಮ್ನಿದ್ದೆ. ಬಳ್ಳಾರಿ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ಅಂದ್ರೆ ಇಲ್ಲಿ ಯಾರೂ ತಲೆ ಎತ್ತಿ ನೋಡಲ್ಲ. ನಮ್ಮ ಗಾಡಿಗೆ ಶೆಡ್ ಇಲ್ಲ, ಇಡೀ ದಿನ ಬೀದಿಯಲ್ಲೇ ನಿಂತಿರುತ್ತೆ. ಆದ್ರೂ ನಾಲ್ಕು ವೀಲ್ ಆರ್ಚ್‌ಗೂ, ಅಂದ್ರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಅಂಚಿಗೆ, ನಾನು ಹೊಡೆದ ಕಪ್ಪು ಪೇಂಟ್ ಹಾಗೇ ಇದೆ. ಉಗುರಲ್ಲಿ ಕೆರೆದರೂ ಏಳಲ್ಲ.

ಒಂದು ದಿನ ಟ್ರ್ಯಾಕ್ಟರ್ ಟ್ರೇಲರ್ ಮೂಲೆ ತಗುಲಿ ಮುಂದಿನ ಎಡಗಡೆ ಆರ್ಚ್ ಎರಡು ಹೋಳಾಯ್ತು. ಮಿರರ್ ಕವರ್ರೂ ಹೋಯ್ತು. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಲ್ಲಿ ವಿಚಾರಿಸಿದೆ, ಹೊಸ ಆರ್ಚ್ 2,200ರ ಸುಮಾರು ಹೇಳಿದ್ರು. ಶಿವಾಜಿನಗರದ ಗುಜರಿಯಲ್ಲಿ ಸಾವಿರ ಅಂದವನು 600ಕ್ಕೆ ಕೊಟ್ಟ. ಮಿರರ್ ಕವರ್ ಬೇರೆ ಬಣ್ಣದ್ದು ಸಿಕ್ತು, 150.

ತಂದು ಕೂರಿಸಿದೆ. ಅಲ್ಲೇ ಎಡವಟ್ಟಾಯ್ತು. ಗುಜರಿ ಆರ್ಚ್ ನೆರಳಲ್ಲಿ ಬೆಳೆದ ಗಾಡಿಯದ್ದು ಅನ್ಸುತ್ತೆ, ಕರ್ರಗೆ ಮಿಂಚುತ್ತಿತ್ತು. ನಮ್ಮ ಉಳಿದ ಮೂರು ಬಿಸಿಲಿಗೆ ಬೂದಿ ಬಣ್ಣ. ಹಳೇ ಹಲ್ಲುಗಳ ಮಧ್ಯೆ ಒಂದು ಹೊಸ ಹಲ್ಲು ಕಟ್ಟಿಸಿದ ಹಾಗೆ ಕಾಣ್ತಿತ್ತು. ಪೇಂಟ್ ಮೇಸ್ತ್ರಿ ಹತ್ರ ಹೋದೆ. "ಇದು ಪೇಂಟ್ ಹಿಡಿಯೋ ಪ್ಲಾಸ್ಟಿಕ್ ಅಲ್ಲ ಸಾರ್. ಒಂದೇ ಮಳೆಗೆ ಸುಲಿದು ಬರುತ್ತೆ. ನಾಲ್ಕೂ ಹೊಸದು ಹಾಕ್ಸಿಬಿಡಿ" ಅಂದ. ಲೇಬರ್ ಸೇರಿ ಹತ್ತು ಸಾವಿರದ ಮೇಲೆ ಲೆಕ್ಕ ಕೊಟ್ಟ. ಹನ್ನೊಂದು ವರ್ಷದ ಗಾಡಿಗೆ!

ಮೊದಲ ಸಲ ವಾಟರ್ ಪೇಪರ್ ಉಜ್ಜಿ, ಮ್ಯಾಟ್ ಬ್ಲ್ಯಾಕ್ ಕ್ಯಾನ್ ನೇರವಾಗಿ ಹೊಡೆದೆ. ಇಪ್ಪತ್ತು ದಿನ ಚೆನ್ನಾಗಿತ್ತು. ವಾಟರ್ ಸರ್ವಿಸ್‌ಗೆ ಬಿಟ್ಟ ದಿನ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಎರಡನೇ ಸಲ ಪಿಪಿ ಪ್ರೈಮರ್ ತಂದೆ, ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗೆ ಪೇಂಟ್ ಅಂಟಲಿ ಅಂತ ಮೊದಲು ಹೊಡೆಯೋದು. ಜಾಸ್ತಿ ಹೊಡೆದರೆ ಜಾಸ್ತಿ ಗಟ್ಟಿ ಅಂದ್ಕೊಂಡು ದಪ್ಪಗೆ ಎರಡು ಕೋಟ್ ಕೊಟ್ಟೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಆಮೇಲೆ ಪೇಂಟ್. ಮೀನಿನ ಕಣ್ಣಿನ ಹಾಗೆ ಗುಂಡಗುಂಡಗೆ ಗುಳಿ ಬಿದ್ದವು. ವಾರದೊಳಗೆ ಅದೂ ಸುಲಿದು ಬಂತು. ಎರಡೂ ಸೇರಿ 1,300 ನೀರಲ್ಲಿ ಹೋಮ. ಭಾವಮೈದ ಫೋನ್ ಮಾಡಿದಾಗೆಲ್ಲ "ಭಾವ, ಪೇಂಟ್ ಇದೆಯಾ?" ಅಂತಲೇ ಮಾತು ಶುರು ಮಾಡ್ತಿದ್ದ.

ಆ ಗುಳಿ ನೋಡಿದಾಗಲೇ ತಲೆಗೆ ಹೊಳೆದಿದ್ದು. ಐದಾರು ವರ್ಷ ಭಾನುವಾರ ಭಾನುವಾರ ಡ್ಯಾಶ್‌ಬೋರ್ಡ್ ಪಾಲಿಶ್ ತಗೊಂಡು ಇದೇ ಆರ್ಚ್‌ಗೆ ತಿಕ್ಕಿದವನು ನಾನೇ. ಅದರ ಸಿಲಿಕಾನ್ ಮೇಲೆ ಯಾವ ಪೇಂಟ್ ನಿಲ್ಲುತ್ತೆ? ಅದರ ಮೇಲೇ ಪೇಪರ್ ಉಜ್ಜಿದ್ದಕ್ಕೆ ಎಲ್ಲಾ ಗೀರಿನೊಳಗೂ ತುಂಬಿಸಿದ ಹಾಗಾಯ್ತು.

ಮೂರನೇ ಸಲ ಪೇಪರ್ ಮುಟ್ಟಲಿಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ಡು, ಬಿಸಿನೀರು, ಬ್ರಷ್ಷು. ಆಮೇಲೆ ಪೇಂಟ್ ಅಂಗಡಿಯ ಸಿಲಿಕಾನ್ ರಿಮೂವರ್ ಹಾಕಿ ಹಳೇ ಬಿಳಿ ಬನಿಯನ್ ತುಂಡಲ್ಲಿ ಒರೆಸಿದೆ. ಮೊದಲ ತುಂಡು ಹಂಚಿನ ಮಸಿ ಒರೆಸಿದ ಹಾಗಾಯ್ತು. ಎರಡು, ಮೂರು, ನಾಲ್ಕು. ಒಂದು ಆರ್ಚ್‌ಗೆ ಏಳೆಂಟು ತುಂಡು ಬೇಕಾಯ್ತು. ಒರೆಸಿದ ತುಂಡು ಬೆಳ್ಳಗೇ ವಾಪಸ್ ಬಂದ ಮೇಲೆ ಸ್ಕಾಚ್‌ಬ್ರೈಟ್ ಉಜ್ಜಿ, ಮತ್ತೆ ಒರೆಸಿದೆ. ಎರಡು ದಿನ ಬರೀ ತೊಳೆಯೋದೇ ಕೆಲಸ. ಮನೆಯವಳು "ಇಷ್ಟು ಉಜ್ಜಿದ್ರೆ ನಮ್ಮ ಬಚ್ಚಲು ಕನ್ನಡಿ ಆಗ್ತಿತ್ತು" ಅಂದಳು.

ಪಿಪಿ ಪ್ರೈಮರ್ ಒಂದೇ ಕೋಟ್, ಮಂಜು ಕೂತ ಹಾಗೆ ತೆಳ್ಳಗೆ. ಹತ್ತು ನಿಮಿಷದೊಳಗೆ ಪೇಂಟ್ ಹೊಡೆದೆ. ನಾಲ್ಕು ತೆಳು ಕೋಟ್ ಕೊಟ್ಟೆ, ದಪ್ಪ ಆದ್ರೆ ಪ್ಲಾಸ್ಟಿಕ್‌ನ ಚರ್ಮದಂಥ ಗೆರೆ ಮುಚ್ಚಿಹೋಗುತ್ತೆ. ಬೆಳಿಗ್ಗೆ ಆರೂವರೆಗೆ, ಮೆಟ್ಟಿಲ ಕೆಳಗೆ, ನೆಲಕ್ಕೆ ನೀರು ಚಿಮುಕಿಸಿಕೊಂಡು ಹೊಡೆದೆ. ನಮ್ಮೂರ ಕೆಂಧೂಳಿಗೆ ಬೇರೆ ದಾರಿ ಇಲ್ಲ. ಕೊನೇ ಕೋಟ್‌ಗೆ ಒಂದು ಸಣ್ಣ ಕೈಚಳಕ ಮಾಡ್ತೀನಿ, ಅದಕ್ಕೇ ಅದು ಹೊಸ ಪ್ಲಾಸ್ಟಿಕ್ ಥರ ಕಾಣೋದು, ಪೇಂಟ್ ಥರ ಅಲ್ಲ. ಅದು ನನ್ನ ಹತ್ರಾನೇ ಇರಲಿ.

ಈ ಮೂರನೇ ಸಲ ಗಾಡಿಗೆ ಹೊಡೆಯೋ ಮುಂಚೆ ಒಡೆದ ಬಕೆಟ್ ಮೇಲೆ ಹೊಡೆದು ನೋಡಿದ್ದೆ. ತಳದಲ್ಲಿ ಪಿಪಿ ಅಂತ ಅಚ್ಚಿತ್ತು, ಆರ್ಚ್ ಹಿಂದೆಯೂ ಅದೇ. ಮೂರು ವಾರ ತಾರಸಿ ಮೇಲೆ ಬಿಟ್ಟು, ಬ್ಲೇಡಲ್ಲಿ ಚೌಕಳಿ ಗೀರಿ, ಟೇಪ್ ಅಂಟಿಸಿ ಕಿತ್ತೆ. ಪ್ರೈಮರ್ ಇಲ್ಲದ ಕಡೆ ಪೂರ್ತಿ ಬಂತು. ಇದ್ದ ಕಡೆ ಎರಡು ಚೂರು ಮಾತ್ರ. ಪೇಂಟ್ ಬದಲು ಬಿಸಿಗಾಳಿ ಊದೋ ಹೀಟ್ ಗನ್ನೂ ಆರ್ಚ್ ಮೇಲೆ ಆಡಿಸಿ ನೋಡಿದ್ದೆ. ಬೂದಿ ಬಣ್ಣ ಕಣ್ಣೆದುರೇ ಕಪ್ಪಾಗುತ್ತೆ, ನೋಡೋಕೆ ಮಜಾ. ಎರಡು ಮೂರು ತಿಂಗಳಿಗೆ ಮತ್ತೆ ಬೂದಿ. ಒಂದು ಕಡೆ ಜಾಸ್ತಿ ಹೊತ್ತು ಹಿಡಿದು ಅಂಚು ಸೊಟ್ಟಗಾಯ್ತು, ಆಮೇಲೆ ಮುಟ್ಟಲಿಲ್ಲ.

ಮಿರರ್ ಕವರ್ ಎಬಿಎಸ್ ಅನ್ನೋ ಬೇರೆ ಪ್ಲಾಸ್ಟಿಕ್, ಅದು ಪೇಂಟ್‌ನ ಚೆನ್ನಾಗಿ ಹಿಡಿಯುತ್ತೆ. ಎನ್‌ಸಿ ಥಿನ್ನರ್ (ಪೇಂಟ್ ಕರಗಿಸೋ ಖಾರದ ದ್ರಾವಕ) ಹಾಕಿ ಒರೆಸಿದ್ದು ಮಾತ್ರ ನನ್ನ ಪೆದ್ದತನ. ಮೇಲ್ಮೈ ಬೆಲ್ಲದ ಪಾಕದ ಹಾಗೆ ಅಂಟಾಯ್ತು. ಇನ್ನೊಂದು 150. ಟು-ಕೆ ಕ್ಲಿಯರ್ ಕ್ಯಾನ್ ಕೂಡ ಹಾಗೇ ಹೋಯ್ತು. ಅದು ಬಣ್ಣವಿಲ್ಲದ ಮೇಲ್ಕೋಟ್, ಪಿನ್ ಒತ್ತಿದ್ರೆ ಒಳಗಿನ ಹಾರ್ಡನರ್ ಬೆರೆತು ಗಟ್ಟಿಯಾಗೋಕೆ ಶುರುವಾಗುತ್ತೆ. ತಳದ ಪಿನ್ ಒತ್ತಿದೆ, ನೆಂಟರು ಬಂದ್ರು, ಮೂರನೇ ದಿನ ನೋಡಿದ್ರೆ ಒಳಗೇ ಕಲ್ಲು. ಸಾವಿರದ ಹತ್ತಿರ. ಟು-ಕೆ ಹೊಡೆಯುವಾಗ ಮೂಗಿಗೆ ಕರ್ಚೀಫ್ ಸಾಲಲ್ಲ ಅನ್ನೋದು ನೆನಪಿರಲಿ, ಫಿಲ್ಟರ್ ಮಾಸ್ಕೇ ಬೇಕು, ಗಾಳಿಯೂ ಆಡ್ತಿರಬೇಕು.

ಆರ್ಚ್ ಹಿಡಿದಿರೋ ಪ್ಲಾಸ್ಟಿಕ್ ಕ್ಲಿಪ್ ಕೀಳೋದು ಮಧ್ಯಾಹ್ನ ಮೂರರ ಬಿಸಿಲಲ್ಲಿ. ಪ್ಲಾಸ್ಟಿಕ್ ಮೆತ್ತಗಿರುತ್ತೆ, ಹೊರಗೆ ಬರುತ್ತೆ. ಬೆಳಿಗ್ಗೆ ತಂಪಲ್ಲಿ ಕಿತ್ತಾಗ ಹದಿನಾಲ್ಕರಲ್ಲಿ ಒಂಬತ್ತು ಮುರಿದವು. ಅಂಗಡಿಯಲ್ಲಿ ಬಿಡಿಯಾಗಿ ಒಂದಕ್ಕೆ 20, ನೂರರ ಪ್ಯಾಕೆಟ್ಟೇ 300ಕ್ಕೆ ತರಿಸಿದೆ. ಇನ್ನೂ ಅರ್ಧ ಉಳಿದಿದೆ, ಬೀದಿಯವರೆಲ್ಲ ಬಂದು ಒಯ್ತಾರೆ.

ತಪ್ಪುಗಳೂ ಸೇರಿ ಒಟ್ಟು ಐದು ಸಾವಿರ ಮುಟ್ಟಿರಬೇಕು. ಈಗ ಮಾಡಿದ್ರೆ ಎರಡೂವರೆ ಸಾವಿರಕ್ಕೆ ಮುಗಿಸ್ತೀನಿ. ಮೊನ್ನೆ ಮೇಸ್ತ್ರಿ ಟೈರ್ ಪಕ್ಕ ಕೂತು ಬೆರಳಲ್ಲಿ ಉಜ್ಜಿ ನೋಡಿ, "ಯಾವ ಪ್ರೈಮರ್ ಸಾರ್?" ಅಂದ. ಪ್ರೈಮರ್ ಹೆಸರು ಹೇಳಿದೆ, ಬನಿಯನ್ ತುಂಡಿನ ವಿಷಯ ಹೇಳಲಿಲ್ಲ. ಬಲಗಡೆ ಹಿಂದಿನ ಆರ್ಚ್‌ನಲ್ಲಿ ಒಂದು ಕಡೆ ಪೇಂಟ್ ಇಳಿದು ಗೆರೆ ಬಿದ್ದಿದೆ, ಅದೂ ಅವನ ಕಣ್ಣಿಗೆ ಬೀಳಲಿಲ್ಲ. ಆ ಕಡೆನ ಯಾವಾಗಲೂ ಗೋಡೆಗೆ ನಿಲ್ಲಿಸ್ತೀನಿ.